ತರಬೇತಿಗೆ ಅನುಮತಿ ಕೋರಿ

"ಮೇಡಂ, ನಾನು ಇಲ್ಲಿ ಕಾನೂನು ಪ್ರಕಾರ ಏನ್ ಕೆಲ್ಸ ಮಾಡ್ಬೋದು?"

ಆ ಹುಡುಗಿ ನನ್ನ ಮೇಜಿನ ಮುಂದೆ ನಿಂತು ಇಷ್ಟೇ ಕೇಳಿದಳು. ನಾನು ಮದ್ದೂರಿನ ಹೊರಭಾಗದ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಕಚೇರಿ ಸಹಾಯಕಿ. ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಪತ್ರ ಬರೆಯುತ್ತೇನೆಂಬ ಒಂದೇ ಕಾರಣಕ್ಕೆ ವಿದೇಶಿ ವಿದ್ಯಾರ್ಥಿಗಳ ಕಡತಗಳು ನನ್ನ ತಲೆಗೆ ಬಂದಿದ್ದವು. ಒಟ್ಟು ಒಂಬತ್ತು ಮಂದಿ. ಅವರ ನೋಂದಣಿ, ವೀಸಾ ವಿಸ್ತರಣೆ, ಹಾಸ್ಟೆಲ್ ವಿಳಾಸದ ನಮೂನೆ, ಹಾಜರಾತಿ ಪತ್ರ ಇವನ್ನೆಲ್ಲ ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣಕ್ಕೆ ಏರಿಸುವುದು ನನ್ನ ಕೆಲಸ.

ಅವಳು ಮಲಾವಿ ದೇಶದವಳು. ಮೂರು ವರ್ಷ ಹಾಸ್ಟೆಲ್ ಅಡುಗೆಯವರ ಜೊತೆ ಮಾತಾಡಿ ಮಾತಾಡಿ ನಮ್ಮೂರ ಕನ್ನಡವನ್ನೇ ಕಲಿತಿದ್ದಳು. ನಾನು ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುವವಳೆಂದು ಗೊತ್ತಾದ ದಿನ, "ನಿಮ್ದು ಮಳವಳ್ಳಿ, ನಂದು ಮಲಾವಿ, ಎಲ್ಡೂ ಒಂದೇ ಅಲ್ವಾ ಮೇಡಂ" ಎಂದು ನಕ್ಕಿದ್ದಳು. ಈ ದಿನ ನಗಲಿಲ್ಲ. ಶಾಲಾ ಮೇಷ್ಟರಾಗಿದ್ದ ಅವಳ ತಂದೆ ತೀರಿಕೊಂಡು ಎರಡು ತಿಂಗಳಾಗಿತ್ತು. ಕೊನೆಯ ವರ್ಷದ ಖರ್ಚು ನೋಡಿಕೊಳ್ಳುತ್ತೇನೆ ಎಂದಿದ್ದ ಚಿಕ್ಕಪ್ಪ ಫೋನ್ ಎತ್ತುವುದನ್ನು ನಿಲ್ಲಿಸಿದ್ದ.

ನಾನು ಅವಳ ವೀಸಾ ಷರತ್ತನ್ನು ಓದಿ ಹೇಳಿದೆ. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಉದ್ಯೋಗ ಮಾಡುವಂತಿಲ್ಲ. ಸಂಬಳ ಇದ್ದರೂ ಇಲ್ಲ, ಇಲ್ಲದಿದ್ದರೂ ಇಲ್ಲ.

"ಮಕ್ಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ಕೊಟ್ರೆ?"

"ಅದೂ ಕೆಲಸವೇ."

"ಹಾಸ್ಟೆಲ್ ಅಡಿಗೆಮನೇಲಿ ತರಕಾರಿ ಹೆಚ್ಚಿ, ಊಟದ್ ದುಡ್ಡು ಕೊಡ್ದೆ ಇದ್ರೆ?"

"ಊಟಕ್ಕೆ ಬದಲಾಗಿ ಅಂದರೆ ಅದೂ ಕೆಲಸವೇ."

"ಹಂಗಾದ್ರೆ ನಾನು ಏನ್ ಮಾಡ್ಬೋದು, ಅದ್ನ ಯೋಳಿ."

ನಿಯಮಾವಳಿಯ ಪುಸ್ತಕವನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡೆ. ನಾಳೆ ಬಾ ಎಂದೆ.

ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಿಯಮಾವಳಿಯನ್ನು ಮೊದಲಿನಿಂದ ಓದಿದೆ. ಪದವಿ ಮುಗಿದ ಮೇಲೆ ಬೇರೆ ಬಗೆಯ ವೀಸಾಗಳಿದ್ದವು. ಅವಕ್ಕೆ ಒಳ್ಳೆಯ ಸಂಬಳದ ಕೆಲಸ ಮೊದಲೇ ಕೈಯಲ್ಲಿರಬೇಕಿತ್ತು. ಅವಳಿಗೆ ಬೇಕಾಗಿದ್ದದ್ದು ಪದವಿ ಮುಗಿಯುವವರೆಗಿನ ದಾರಿ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಒಂದೇ ಸಂದು. ಪಠ್ಯಕ್ರಮದ ಭಾಗವಾಗಿರುವ ತರಬೇತಿಗೆ, ಮೊದಲೇ ತಿಳಿಸಿ ಅನುಮತಿ ಪಡೆದರೆ, ಅಡ್ಡಿಯಿರಲಿಲ್ಲ. ನಮ್ಮ ಪಠ್ಯಕ್ರಮದಲ್ಲಿ ಔಷಧ ತಯಾರಿಕಾ ಘಟಕದಲ್ಲಿ ಇಷ್ಟು ಗಂಟೆ ತರಬೇತಿ ಪಡೆಯಬೇಕೆಂಬ ಸಾಲು ಇತ್ತು. ನಮ್ಮ ಹುಡುಗರು ಅದನ್ನು ಎಲ್ಲೋ ಒಂದು ಕಡೆ ಸಹಿ ಹಾಕಿಸಿಕೊಂಡು ಮುಗಿಸುತ್ತಿದ್ದರು. ಇವಳು ನಿಜವಾಗಿಯೇ ಮಾಡಲಿ, ಘಟಕದವರು ತರಬೇತಿ ಭತ್ಯೆ ಕೊಡಲಿ, ಎಲ್ಲವೂ ಕಾಗದದ ಮೇಲಿರಲಿ ಎಂದುಕೊಂಡೆ.

ಸೋಮನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಗಿಡಮೂಲಿಕೆ ಪುಡಿಗಳನ್ನು ಪೊಟ್ಟಣ ಮಾಡುವ ಸಣ್ಣ ಕಾರ್ಖಾನೆಯೊಂದಿತ್ತು. ಅದರ ಮಾಲೀಕ ನಮ್ಮ ಕಾಲೇಜಿನ ಹುಡುಗರ ತರಬೇತಿ ಪತ್ರಗಳಿಗೆ ಸಹಿ ಹಾಕುತ್ತಿದ್ದವನು. ಹೋಗಿ ಕೇಳಿದೆ.

"ಅಯ್ಯೋ ಕಳ್ಸಿ ಮೇಡಂ. ನಂಗೂ ಓದಿದ್ ಕೈಗಳು ಬೇಕು. ಭತ್ಯೆನೂ ಕೊಡನ, ಅದ್ಕೇನಂತೆ."

ಅವನಿಂದ ಒಪ್ಪಿಗೆ ಪತ್ರ ಬರೆಸಿಕೊಂಡೆ. ವಾರಕ್ಕೆ ಎಷ್ಟು ಗಂಟೆ, ಯಾವ ವಿಭಾಗ, ಮೇಲ್ವಿಚಾರಕರು ಯಾರು ಎಂದು ತರಬೇತಿ ಯೋಜನೆ ಮಾಡಿದೆ. ಯಂತ್ರಗಳ ಹತ್ತಿರ ಬಿಡುವಂತಿಲ್ಲ, ಗುಣಮಟ್ಟ ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಎಂಬ ಸಾಲನ್ನು ನಾನೇ ಸೇರಿಸಿದೆ. ಮಾಲೀಕ ಓದದೆ ಸಹಿ ಹಾಕಿದ.

ಪ್ರಾಂಶುಪಾಲರ ಸಹಿಗೆ ಹದಿನೇಳು ದಿನ ಹಿಡಿಯಿತು. ಕಡತ ಮೇಜಿನ ಮೇಲಿತ್ತು, ಪೆನ್ನು ಜೇಬಿನಲ್ಲಿತ್ತು. "ಒಬ್ಬಳಿಗೆ ಮಾಡಿದರೆ ಒಂಬತ್ತು ಜನಕ್ಕೂ ಮಾಡಬೇಕಾಗುತ್ತೆ ಅಮ್ಮ, ಯೋಚನೆ ಮಾಡೋಣ" ಎಂದರು. ನಾನು ದಿನವೂ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ನನ್ನ ಕಾಟ ತಪ್ಪಲಿ ಎಂಬಂತೆ ಹಾಕಿದರು.

ಅರ್ಜಿ ಏರಿಸಿದ ಹತ್ತನೆಯ ದಿನ ವಾಪಸು ಬಂತು. ಪಾಸ್‌ಪೋರ್ಟಿನಲ್ಲಿ ಅವಳ ಮನೆತನದ ಹೆಸರು ಮೊದಲಿತ್ತು. ನಮ್ಮ ದಾಖಲಾತಿ ಪುಸ್ತಕದಲ್ಲಿ ಅದು ಕೊನೆಗೆ ಹೋಗಿತ್ತು, ಒಂದು ಅಕ್ಷರವೂ ಬಿಟ್ಟುಹೋಗಿತ್ತು. ಮೂರು ವರ್ಷದ ಹಿಂದೆ ಆ ಹೆಸರನ್ನು ಟೈಪು ಮಾಡಿದ್ದವಳು ನಾನೇ. ತಿದ್ದುಪಡಿಗೆ ವಿಶ್ವವಿದ್ಯಾಲಯಕ್ಕೆ ಬರೆದೆ, ಪ್ರಮಾಣಪತ್ರ ಮಾಡಿಸಿದೆ, ಮತ್ತೆ ಪ್ರಾಂಶುಪಾಲರ ಬಾಗಿಲಲ್ಲಿ ನಿಂತೆ. ಎರಡನೆಯ ಸಲ ಅರ್ಜಿ ಒಳಗೆ ಹೋಗುವ ಹೊತ್ತಿಗೆ ಇನ್ನೊಂದು ತಿಂಗಳು ಕಳೆದಿತ್ತು. ಪರದೆಯ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬಂತು. ಆಮೇಲೆ ದಿನಾ ಅದೇ ಬರುತ್ತಿತ್ತು.

ಹುಡುಗಿ ದಿನಾ ಬೆಳಗ್ಗೆ ಬಂದು ಇಣುಕುತ್ತಿದ್ದಳು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಆಮೇಲೆ ಒಂದು ದಿನ ಅವಳು ಬರುವುದು ನಿಂತಿತು. ನನಗೆ ಸಮಾಧಾನವೇ ಆಯಿತು.

ಆ ಭಾನುವಾರ ನಾನು ರಾಮನಗರದ ಅಕ್ಕನ ಮನೆಯಿಂದ ಬಸ್ಸಿನಲ್ಲಿ ಮರಳುತ್ತಿದ್ದೆ. ಸೋಮನಹಳ್ಳಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ನೋಡಿದೆ. ಕಾರ್ಖಾನೆಯ ಗೇಟಿನಿಂದ ಹೆಂಗಸರ ಗುಂಪು ಹೊರಬರುತ್ತಿತ್ತು. ಎಲ್ಲರ ತಲೆಗೂ ನೀಲಿ ಟೋಪಿ. ಅವರ ನಡುವೆ ಅವಳು ಇದ್ದಳು. ಟೋಪಿಯಿಂದ ಹೊರಬಿದ್ದ ಕೂದಲ ತುಂಬ ಹಳದಿ ಪುಡಿ. ಪಕ್ಕದ ಹೆಂಗಸು ಏನೋ ಹೇಳಿದ್ದಕ್ಕೆ ಬಾಯಿ ತುಂಬ ನಗುತ್ತಿದ್ದಳು. ತಂದೆ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳು ಬಸ್ಸಿನ ಕಡೆ ತಿರುಗಿದಳು. ನಾನು ತಲೆ ಬಗ್ಗಿಸಿ ಚೀಲದಲ್ಲಿ ಏನೋ ಹುಡುಕುವವಳಂತೆ ಕೂತೆ. ಸೋಮವಾರ ಕರೆದು ಕೇಳಬಹುದಿತ್ತು. ಕೇಳಿದ್ದರೆ ಗೊತ್ತಾದಂತೆ ಆಗುತ್ತಿತ್ತು, ಗೊತ್ತಾದರೆ ಬರೆಯಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಹನ್ನೆರಡು ದಿನದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಯಾವುದೋ ನಂಬರಿನಿಂದ ಫೋನ್ ಬಂತು.

"ಕಾಲೇಜು ಮೇಡಮ್ಮೋರಾ? ನಾನು ಚಿಕ್ಕರಸಿನಕೆರೆಯೋಳು ಕಣಮ್ಮ, ಸೋಮ್ನಳ್ಳಿ ಫ್ಯಾಕ್ಟ್ರಿ ಪ್ಯಾಕಿಂಗ್‌ನಲ್ಲಿವ್ನಿ. ನಿಮ್ ಉಡ್ಗಿ ಕೈ ಮಿಸಿನ್ಗೆ ಸಿಕ್ಕಾಕ್ಕೊಂಡದೆ. ಮಂಡ್ಯದ್ ಆಸ್ಪತ್ರೆಗೆ ಬಂದಿವಿ. ಬೇಗ ಬನ್ನಿ."

ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ಆ ಹೆಂಗಸು ಕೂತಿದ್ದಳು. ಐವತ್ತರ ಹತ್ತಿರದ ವಯಸ್ಸು. ಸೀರೆಯ ಸೆರಗಿನ ತುಂಬ ರಕ್ತ. ಆಟೋದಲ್ಲಿ ದಾರಿಯುದ್ದಕ್ಕೂ ಹುಡುಗಿಯ ಕೈಯನ್ನು ಆ ಸೆರಗಿನಲ್ಲಿ ಸುತ್ತಿ ಎತ್ತಿ ಹಿಡಿದುಕೊಂಡು ಬಂದವಳು ಅವಳೇ. ಏನಾಯಿತೆಂದು ಅವಳಿಂದಲೇ ತಿಳಿಯಿತು. ಪೊಟ್ಟಣದ ಬಾಯಿಯನ್ನು ಒತ್ತಿ ಅಂಟಿಸುವ ಯಂತ್ರಕ್ಕೆ ಎರಡು ಕಾದ ಕಬ್ಬಿಣದ ದವಡೆಗಳಿರುತ್ತವೆ. ಅದರ ಮುಂದಿನ ಗಾಜಿನ ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕು. ಪುಡಿ ಸಿಕ್ಕಿಕೊಂಡಾಗಲೆಲ್ಲ ನಿಂತು ಕೆಲಸ ತಡವಾಗುತ್ತದೆಂದು ಆ ಬಾಗಿಲನ್ನೇ ತೆಗೆದಿಟ್ಟಿದ್ದರು. ಹುಡುಗಿ ಸಿಕ್ಕಿಕೊಂಡ ಪೊಟ್ಟಣವನ್ನು ಎಳೆಯಲು ಕೈ ಹಾಕಿದಳು. ದವಡೆ ಮುಚ್ಚಿಕೊಂಡಿತು. ಮುಚ್ಚಿಕೊಂಡದ್ದನ್ನು ಬಿಡಿಸಲು ಕರೆಂಟು ತೆಗೆಯಬೇಕು, ಸ್ವಿಚ್ಚು ಮಾಲೀಕನ ಕೋಣೆಯಲ್ಲಿತ್ತು.

ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಬುಡದಿಂದ ತೆಗೆದರು.

ಮಾಲೀಕ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ಪಕ್ಕಕ್ಕೆ ಕರೆದ.

"ಬಸ್ ಡೋರಿಗೆ ಸಿಕ್ಕಾಕ್ಕೊಂಡ್ಳು ಅಂತ ಬರ್ಸಿವ್ನಿ ಮೇಡಂ. ನೀವೂ ಅಂಗೇ ಅನ್ನಿ. ಇಲ್ದಿದ್ರೆ ಅವ್ಳಿಗೇ ತೊಂದ್ರೆ. ವೀಸಾ ಓಯ್ತದೆ."

"ಅನುಮತಿ ಬರುವ ಮುಂಚೆ ಯಾಕೆ ಕರೆದುಕೊಂಡಿರಿ?"

"ಅವ್ಳೇ ಬಂದ್ಳು. ಹೊಟ್ಟೆಗಿಲ್ಲ ಅಂದ್ಳು. ನಾನು ಪುಣ್ಯ ಮಾಡ್ದೆ." ಆಮೇಲೆ ಹೇಳಿದ, "ನೀವೂ ಪೇಪರ್‌ಗೆ ಸೈನ್ ಹಾಕಿಸ್ಕೊಂಡ್ ಹೋಗಿದ್ರಲ್ಲ. ಮೊದ್ಲು ಕಳ್ಸಿದ್ದು ನೀವೇ."

ಅವನನ್ನು ಅಲ್ಲೇ ಬಿಟ್ಟು ಹುಡುಗಿಯ ಹತ್ತಿರ ಒಳಗೆ ಹೋದೆ.

ಮರುದಿನ ಪ್ರಾಂಶುಪಾಲರು ಬಾಗಿಲು ಹಾಕಿಕೊಂಡು ಮಾತಾಡಿದರು. "ಎರಡು ತಿಂಗಳ ಹಿಂದಿನ ದಿನಾಂಕ ಹಾಕಿ ಒಂದು ನೋಟಿಸು ಮಾಡಿ. ಹಾಜರಾತಿ ಕಡಿಮೆ, ಹಾಸ್ಟೆಲಿನಿಂದ ಅನುಮತಿಯಿಲ್ಲದೆ ಹೊರಗೆ ಹೋಗುತ್ತಾಳೆ, ಎಚ್ಚರಿಕೆ ಕೊಡಲಾಗಿದೆ ಅಂತ. ನಾಳೆ ಯಾರಾದರೂ ಕೇಳಿದರೆ ಕಾಲೇಜಿನ ಕೈ ಚೊಕ್ಕಟವಾಗಿರಬೇಕು."

ಆಗುವುದಿಲ್ಲ ಸಾರ್ ಎಂದೆ. ಅವರು ಬೈಯಲಿಲ್ಲ. ಸರಿ ಹೋಗಿ ಎಂದರು. ಅದೇ ನೋಟಿಸನ್ನು ಬೇರೆಯವರ ಕೈಯಲ್ಲಿ ಮಾಡಿಸಿದರೆಂದು ಆಮೇಲೆ ಗೊತ್ತಾಯಿತು.

ಹುಡುಗಿ ಮೊದಲು ಬಸ್ಸಿನ ಬಾಗಿಲಿನ ಮಾತಿಗೇ ಗಟ್ಟಿಯಾಗಿ ಅಂಟಿಕೊಂಡಳು. ಇನ್ನು ಒಂದೇ ವರ್ಷ, ಎಡಗೈಯಲ್ಲಿ ಬರೆಯುವುದು ಕಲಿಯುತ್ತೇನೆ ಎಂದಳು. ಮೂರು ವಾರ ಹಾಸ್ಟೆಲಿನ ಮಂಚದ ಮೇಲೆ ಕೂತು ನೋಟ್‌ಬುಕ್ಕಿನ ತುಂಬ ತನ್ನ ಹೆಸರನ್ನೇ ಬರೆದಳು. ಆಮೇಲೆ ಗಾಯ ಕೀವಾಯಿತು. ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೆಂದರು. ಮಾಲೀಕನಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ನಾನು ಕಾರ್ಖಾನೆಗೇ ಹೋದೆ. ಗೇಟಿನವನು ಒಳಗೆ ಬಿಡಲಿಲ್ಲ.

ಅವತ್ತು ಸಂಜೆ ಹಾಸ್ಟೆಲಿನಲ್ಲಿ ಅವಳ ಪಕ್ಕ ಕೂತು, ಈ ಕಥೆಯಲ್ಲಿ ನನ್ನದೇ ಆದ ತೀರ್ಮಾನವನ್ನು ಮಾಡಿದೆ. ನಿಜ ಬರೆದುಬಿಡೋಣ ಎಂದೆ. ಬರೆದರೆ ಮಾಲೀಕನ ಮೇಲೆ ಪರಿಹಾರಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು.

"ವೀಸಾ?" ಎಂದಳು.

"ನಾವೇ ಮುಂದಾಗಿ ಒಪ್ಪಿಕೊಂಡರೆ ಮನ್ನಿಸುತ್ತಾರೆ. ತಡವಾಗಿ ನೋಂದಣಿ ಮಾಡಿಸಿದವರನ್ನು ದಂಡ ಹಾಕಿ ಮನ್ನಿಸಿದ್ದಾರೆ. ನಾನು ನೋಡಿದ್ದೇನೆ."

"ನಿಜ್ವಾಗ್ಲೂ?"

"ನಿಜವಾಗಲೂ."

ತಡವಾದ ನೋಂದಣಿಯೂ ಷರತ್ತು ಮುರಿದು ಮಾಡಿದ ಉದ್ಯೋಗವೂ ಒಂದೇ ಅಲ್ಲ. ಅಷ್ಟು ವರ್ಷ ಆ ಕಡತಗಳ ಜೊತೆ ಕೂತವಳಿಗೆ ಅದು ತಿಳಿದಿರಬೇಕಿತ್ತು. ವಕೀಲರನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ. ನನಗೆ ಮಾಲೀಕನ ಮೇಲೆ ಸಿಟ್ಟಿತ್ತು. ಬಸ್ಸಿನಲ್ಲಿ ತಲೆ ಬಗ್ಗಿಸಿದ್ದನ್ನು ಹೇಗಾದರೂ ಸರಿಮಾಡಬೇಕೆಂಬ ಆತುರವೂ ಇತ್ತು. ಆ ಆತುರಕ್ಕೆ ಅವಳ ಪದವಿಯನ್ನು ಪಣಕ್ಕಿಟ್ಟೆ.

ಅವಳು ಎಡಗೈಯಲ್ಲಿ, ಹೊಸದಾಗಿ ಕಲಿತ ಅಕ್ಷರಗಳಲ್ಲಿ, ಹೇಳಿಕೆ ಬರೆದಳು. ಯಾವ ದಿನದಿಂದ ಕೆಲಸಕ್ಕೆ ಹೋದೆ, ಎಷ್ಟು ಹೊತ್ತು, ಯಾವ ಯಂತ್ರ ಎಂದು ಎಲ್ಲವನ್ನೂ ಬರೆದಳು. ಬರೆಯಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಾನೇ ಅದನ್ನು ಸ್ಕ್ಯಾನ್ ಮಾಡಿ ನೋಂದಣಿ ಕಚೇರಿಯ ಜಾಲತಾಣಕ್ಕೆ ಏರಿಸಿದೆ.

ಉತ್ತರ ಬೇಗ ಬಂತು. ತರಬೇತಿ ಅರ್ಜಿ ತಿರಸ್ಕೃತವಾಗಿತ್ತು. ವೀಸಾ ಷರತ್ತಿನ ಉಲ್ಲಂಘನೆಯನ್ನು ಅರ್ಜಿದಾರಳೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ನಿರ್ಗಮನ ಅನುಮತಿ ಪಡೆದು ಗೊತ್ತುಪಡಿಸಿದ ದಿನದೊಳಗೆ ದೇಶ ಬಿಡಬೇಕೆಂದಿತ್ತು. ಬೆಂಗಳೂರಿನ ಕಚೇರಿಗೆ ಅವಳನ್ನು ಕರೆದುಕೊಂಡು ಹೋಗಿ ಅಧಿಕಾರಿಯ ಮುಂದೆ ಕೂತೆ. ಅವರು ಒರಟಾಗಿರಲಿಲ್ಲ. ಹೇಳಿಕೆಯನ್ನು ಎರಡು ಸಲ ಓದಿ, ಅವಳ ಕೈಯನ್ನೂ ನೋಡಿ, "ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟ ಮೇಲೆ ನಾನು ಮಾಡುವುದಕ್ಕೆ ಏನೂ ಉಳಿದಿಲ್ಲ" ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅವಳು ನನ್ನನ್ನು ಬೈಯುತ್ತಾಳೆಂದು ಕಾಯುತ್ತಿದ್ದೆ.

"ನಿಮ್ಗೆ ಗೊತ್ತಿರ್ನಿಲ್ವಾ ಮೇಡಂ?" ಎಂದಳು.

"ಇಲ್ಲ" ಎಂದೆ.

"ಓಗ್ಲಿ ಬುಡಿ" ಎಂದಳು. ನನ್ನ ಚೀಲವನ್ನು ತಾನೇ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.

ಕಾಲೇಜು ಅವಳ ದಾಖಲಾತಿ ರದ್ದು ಮಾಡಿತು. ಆ ಹಳೆಯ ದಿನಾಂಕದ ನೋಟಿಸು ಕಡತದ ಮೊದಲ ಹಾಳೆಯಾಗಿ ಬಂತು. ಆರು ಸೆಮಿಸ್ಟರಿನ ಅಂಕಪಟ್ಟಿಗಳನ್ನು ಕೇಳಿದಾಗ, ಹಾಸ್ಟೆಲ್ ಬಾಕಿ ತೀರಿಸಿದ ಮೇಲೆ ಎಂದರು. ಹೋಗುವ ಮುನ್ನ ಮಳವಳ್ಳಿಯ ಒಬ್ಬ ವಕೀಲರ ಬಳಿ ಪರಿಹಾರದ ಅರ್ಜಿಗೂ, ಅವಳ ಪರವಾಗಿ ನಾನು ನಡೆದುಕೊಳ್ಳಲು ಅಧಿಕಾರ ಪತ್ರಕ್ಕೂ ಅವಳು ಸಹಿ ಹಾಕಿದಳು. ವಿಮಾನ ನಿಲ್ದಾಣಕ್ಕೆ ನಾನೂ ಚಿಕ್ಕರಸಿನಕೆರೆಯ ಹೆಂಗಸೂ ಹೋದೆವು. ಆ ಹೆಂಗಸನ್ನು ಅವಳು ಅಕ್ಕ ಎಂದು ಕರೆಯುತ್ತಿದ್ದಳು. ಅಕ್ಕ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಳು. ಹುಡುಗಿಯ ಕೆನ್ನೆ ಸವರಿ, "ನಾನಿವ್ನಿ ಕಣವ್ವ, ಎಲ್ಲಿ ಬೇಕಾದ್ರೂ ಬಂದು ಯೋಳ್ತೀನಿ" ಎಂದಳು.

ಪ್ರಕರಣವೆಲ್ಲ ನಿಂತದ್ದು ಅವಳ ಆ ಮಾತಿನ ಮೇಲೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿರಲಿಲ್ಲ. ಕೂಲಿಯನ್ನು ಕೈಗೇ ಕೊಟ್ಟಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಬಸ್ಸಿನ ಬಾಗಿಲು ಎಂದಿತ್ತು. ನಾನು ಕಾರ್ಖಾನೆಯ ಗೇಟಿನಲ್ಲಿ ಅವಳನ್ನು ನೋಡಿದ್ದೆನಲ್ಲ, ಅದನ್ನು ಪ್ರಮಾಣ ಮಾಡಿ ಹೇಳಿದೆ. ಎದುರು ವಕೀಲರು ಕೇಳಿದರು: ನೋಡಿದವರು ಮೇಲಧಿಕಾರಿಗಳಿಗೆ ಯಾಕೆ ತಿಳಿಸಲಿಲ್ಲ? ತಿಳಿಸಲಿಲ್ಲ ಎಂದೆ. ಹಾಗಾದರೆ ನೀವು ನೋಡಿಯೇ ಇಲ್ಲ ಎಂದರು. ತರಬೇತಿ ಯೋಜನೆಯಲ್ಲಿ, ಯಂತ್ರದ ಹತ್ತಿರ ಬಿಡುವಂತಿಲ್ಲ ಎಂದು ನಾನೇ ಸೇರಿಸಿದ್ದ ಸಾಲನ್ನು ಓದಿ, ನಮ್ಮ ಕಕ್ಷಿದಾರರು ಎಷ್ಟು ಎಚ್ಚರಿಕೆಯವರು ನೋಡಿ ಎಂದೂ ಹೇಳಿದರು.

ಸಾಕ್ಷಿಯ ದಿನ ಅಕ್ಕ ಮಂಡ್ಯದ ಕಾರ್ಮಿಕ ಅಧಿಕಾರಿಯ ಕಚೇರಿಗೆ ಬಂದಳು. ಬಂದದ್ದು ನನ್ನ ಜೊತೆಯಲ್ಲ, ಮಾಲೀಕನ ಕಾರಿನಲ್ಲಿ. ಒಗೆದ ಹಸಿರು ಸೀರೆ ಉಟ್ಟಿದ್ದಳು. ನನ್ನ ಕಡೆ ನೋಡಲಿಲ್ಲ.

ಅಧಿಕಾರಿ ಹುಡುಗಿಯ ಫೋಟೋ ತೋರಿಸಿ ಕೇಳಿದರು. "ಇವರು ನಿಮ್ಮ ಜೊತೆ ಕೆಲಸ ಮಾಡುತ್ತಿದ್ದರೇ?"

"ಇಲ್ಲ ಸಾ."

"ಇವರನ್ನು ಎಂದಾದರೂ ನೋಡಿದ್ದೀರಾ?"

ಅಕ್ಕ ಫೋಟೋವನ್ನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು.

"ಕಂಡಿಲ್ಲ ಸಾ. ಇಂತೋರು ನಮ್ ಕಡೆ ಎಲ್ಲವ್ರೆ."

ಹೆಬ್ಬೆಟ್ಟು ಒತ್ತಿ ಹೊರಗೆ ಬಂದಳು. ನಾನು ಮೆಟ್ಟಿಲ ಕೆಳಗೆ ಅಡ್ಡ ನಿಂತೆ. ಮಾಲೀಕ ಕಾರಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ.

"ಆಸ್ಪತ್ರೆಯಿಂದ ಫೋನ್ ಮಾಡಿದ್ದು ನೀವೇ ಅಲ್ಲವಾ?" ಎಂದೆ.

"ನನ್ ಮಗ್ಳು, ಸೊಸೆ ಇಬ್ರೂ ಅಲ್ಲೇ ಅವ್ರೆ ಕಣಮ್ಮ," ಎಂದಳು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ಬಸ್ಸು ಹತ್ತಿ ಓಗೋಕೆ ನಿಮ್ಗೆ ಒಂದು ಕಾಲೇಜದೆ. ನಮ್ಗೆ ಅದೊಂದೇ ಗೇಟು. ಆ ಮಗ ಓದೋಳು, ಎಲ್ಲಾದ್ರೂ ಬದಿಕ್ಕೋತದೆ. ದಾರಿ ಬುಡಿ."

ದಾರಿ ಬಿಟ್ಟೆ. ಅವಳು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

ಆದೇಶ ಬರಲು ಏಳು ವಾರವಾಯಿತು. ಉದ್ಯೋಗ ಸಂಬಂಧ ಸಾಬೀತಾಗಿಲ್ಲ, ಅರ್ಜಿ ವಜಾ. ಅಷ್ಟರಲ್ಲಿ ನನ್ನನ್ನು ವಿದೇಶಿ ವಿದ್ಯಾರ್ಥಿಗಳ ಮೇಜಿನಿಂದ ಗ್ರಂಥಾಲಯಕ್ಕೆ ಹಾಕಿದ್ದರು. ಪುಸ್ತಕಗಳ ನಡುವೆ ಕೂತು ಅವಳಿಗೆ ಕರೆ ಮಾಡಿದೆ. ಪರದೆಯ ಮೇಲೆ ಅವಳ ಮುಖ ಬಂತು. ಹಿಂದೆ ಯಾವುದೋ ಅಂಗಡಿಯ ಗೋಡೆ. ಸೋಪು, ಎಣ್ಣೆ, ಸಕ್ಕರೆ ಪೊಟ್ಟಣಗಳು. ಚಿಕ್ಕಪ್ಪನ ಅಂಗಡಿ ಎಂದಳು. ಬಲಗೈಯನ್ನು ಪರದೆಯ ಆಚೆ ಇಟ್ಟುಕೊಂಡಿದ್ದಳು.

ವಜಾ ಆಯಿತು ಎಂದು ಹೇಳಿದೆ. ಪುಸ್ತಕದಲ್ಲಿ ಹೆಸರಿಲ್ಲ, ಆಸ್ಪತ್ರೆಯ ಚೀಟಿ ನಮಗೆ ವಿರುದ್ಧವಾಗಿದೆ ಎಂದು ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಕ್ಕ ಏನಂದ್ರು?"

ಉತ್ತರ ನನ್ನ ಬಾಯಲ್ಲೇ ಇತ್ತು. ಆದೇಶದ ಪ್ರತಿಯ ನಾಲ್ಕನೆಯ ಪುಟದಲ್ಲಿ ಟೈಪಾಗಿಯೂ ಇತ್ತು.

"ಅವರು ಬರಲಿಲ್ಲ," ಎಂದೆ. "ಹುಷಾರಿರಲಿಲ್ಲವಂತೆ."

ಅವಳ ಮುಖ ಅರಳಿತು.

"ಅದ್ಕೇ ಸೋತ್ವಿ ಮೇಡಂ. ಅಕ್ಕ ಬಂದಿದ್ರೆ ಗೆಲ್ತಿದ್ವಿ." ಯಾರೋ ಗಿರಾಕಿ ಬಂದಿರಬೇಕು, ಅತ್ತ ತಿರುಗಿ ತನ್ನ ಭಾಷೆಯಲ್ಲಿ ಏನೋ ಹೇಳಿ, ಮತ್ತೆ ಇತ್ತ ತಿರುಗಿದಳು. "ವಾಸಿ ಆಗ್ಲಿ. ಆಮೇಲೆ ಇನ್ನೊಂದ್ ಸಲ ಹಾಕನ. ಅಕ್ಕನ್ನ ನೀವೇ ಕರ್ಕೊಂಡ್ ಹೋಗಿ, ಮರೀಬೇಡಿ."

ಆಗಲಿ ಎಂದೆ.